ಮೂರಾಳು ಬೇಕು

ಪುಷ್ಯದ ಚಳಿ ಇನ್ನೂ ಗದ್ದೆಗಳ ಮೇಲೆ ಕೂತಿತ್ತು. ಮುಂಜಾನೆ ಏಳರ ಹೊತ್ತು.

ಸುನಂದಾ ಹಳ್ಳದ ದಂಡೆಗೆ ಬಂದವಳೇ, ಹೊಸ ಸೇತುವೆಗೆ ತೋಡುತ್ತಿದ್ದ ಪಾಯದ ಗುಂಡಿಗೆ ಇಳಿದು ಕೂತುಬಿಟ್ಟಳು.

ಅಗೆಯುತ್ತಿದ್ದ ಮೂವರೂ ಸಲಿಕೆ ನಿಲ್ಲಿಸಿದರು. ಮೇಲೆ ನಕ್ಷೆ ಹಿಡಿದು ನಿಂತಿದ್ದವನು ಬಗ್ಗಿ ನೋಡಿದ. ಕೊಟ್ರೇಶ ಅವನ ಹೆಸರು. ಶಕ್ತಿನಗರದ ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿ ಬೆಳೆದವನು, ಕಂಟ್ರಾಕ್ಟರ್ ಬೂದೆಪ್ಪನ ಹತ್ತಿರ ಎಂಜಿನಿಯರ್. ಊರಿಗೆ ಬಂದು ನಾಲ್ಕೇ ದಿನವಾಗಿತ್ತು.

"ಮ್ಯಾಲೆ ಬರ್ರಿ, ಮಣ್ಣು ಜರೀತದ."

"ಜರೀಲಿ."

ಹೆಸರಿಗೆ ಅದು ಹಳ್ಳ. ಮಳೆ ಹಿಡಿದರೆ ಹೊಳೆಯೇ. ಹೋದ ದಸರೆಯ ಮುಂದೆ ಉಕ್ಕಿ ಬಂದು, ಹೊಲಕ್ಕೆ ಹೋಗುವ ಹಳೆಯ ಸೇತುವೆಯನ್ನು ಎತ್ತಿಕೊಂಡು ಹೋಗಿತ್ತು. ಆಚೆ ದಂಡೆಗೆ ಇಪ್ಪತ್ತು ಮನೆಯವರ ಗದ್ದೆ. ಸುನಂದಾ ಮತ್ತು ಅವಳ ತಾಯಿ ಅನ್ನಮ್ಮ ಇಬ್ಬರೇ ದುಡಿಯುವ ನಾಲ್ಕೆಕರೆಯೂ ಅಲ್ಲೇ. ಕೊಯ್ಯುವ ಯಂತ್ರ ದಾಟಲಾಗದೆ ಬೆಳೆದ ಭತ್ತ ನಿಂತಲ್ಲೇ ಮೊಳೆತದ್ದನ್ನು ಅವಳು ಈಚೆಯಿಂದ ನೋಡಿದ್ದಳು.

ಹೊಸದೂ ಹಳೆಯದರಷ್ಟೇ ಎತ್ತರವಂತೆ ಎಂದು ಕಿವಿಗೆ ಬಿದ್ದ ದಿನವೇ ಎಂಜಿನಿಯರನಿಗೆ ಚೀಟಿ ಕಳಿಸಿದ್ದಳು. 'ಎರಡಾಳು ಸಾಲಂಗಿಲ್ಲ, ಮೂರಾಳು ಬೇಕು.'

"ನನ್ನ ಚೀಟಿ ಮುಟ್ಟ್ಯದೋ ಇಲ್ಲೋ?"

"ಮುಟ್ಟ್ಯದ್ರಿ. ಅದಕ್ಕ ಮೂರಾಳು ತಂದೀನಲ್ಲ." ಕೊಟ್ರೇಶ ಗುಂಡಿಯಲ್ಲಿದ್ದವರನ್ನು ಕೈಮಾಡಿ ತೋರಿಸಿದ. "ನಾಕ್ನೇದವ್ರಿಗೆ ಜಾಗಿಲ್ಲ ಅಲ್ಲಿ."

ಅವಳ ಕಣ್ಣು ಉರಿಯಿತು. 'ನನ್ನ ಭತ್ತ ಮೊಳೆತದ್ದು ಇವನಿಗೆ ಚೇಷ್ಟೆ...'

ಮೂವರಲ್ಲಿ ಹಿರಿಯನಾದ ಸುಂಕಪ್ಪ ಸಲಿಕೆಗೆ ಗದ್ದ ಊರಿ ನಗತೊಡಗಿದ.

"ಸಾಹೇಬ್ರ, ಅಕಿ ಕೇಳಿದ್ದು ನಮ್ಮನ್ನಲ್ರಿ. ನೀರು ಅಳೆಯೂ ಆಳು. ಮನಶಾ ನಿಂತಷ್ಟು ಎತ್ತರ ಒಂದಾಳು."

ಕೊಟ್ರೇಶನ ಮುಖ ಸಣ್ಣದಾಯಿತು. ಮೀಟರಿನಲ್ಲಿ ಓದಿದವನಿಗೆ ಆಳೆಂದರೆ ಕೂಲಿಯವರು, ಅಷ್ಟೇ. ನಕ್ಷೆ ಸುತ್ತಿಟ್ಟು ತಾನೂ ಗುಂಡಿಗೆ ಇಳಿದ.

"ತಪ್ಪಾತ್ರಿ. ಅಷ್ಟು ನೀರು ಬಂದಿತ್ತಾ? ತೋರಸ್ರಿ."

ಅವಳು ದಂಡೆಯ ಜಾಲಿಮರಕ್ಕೆ ಕರೆದೊಯ್ದಳು. ಮೇಲಿನ ಕವಲಿನಲ್ಲಿ ನೆರೆ ಸಿಕ್ಕಿಸಿ ಹೋದ ಹುಲ್ಲು ಒಣಗಿ ನಿಂತಿತ್ತು. ಅವನು ಬೂಟು ಬಿಚ್ಚಿ ಮುಳ್ಳಿನೊಳಗೆ ಹತ್ತಿದ, ಟೇಪು ಹಳ್ಳದ ತಳಕ್ಕೆ ಇಳಿಬಿಟ್ಟ. ಕೆಳಗಿಳಿದಾಗ ಎರಡೂ ತೋಳಿನಲ್ಲಿ ರಕ್ತ.

"ಐದು ಮೀಟರ್. ಮೂರಾಳೇ," ಎಂದ ಮೆಲ್ಲಗೆ.

ಅವಳು ಸೆರಗಿನ ತುದಿ ನೀರಿಗೆ ಅದ್ದಿ, ಒರೆಸಿಕೊಳ್ಳಲು ಅವನ ಕೈಗೆ ಕೊಟ್ಟಳು.

ಬೂದೆಪ್ಪ ಒಪ್ಪಲಿಲ್ಲ. ನಕ್ಷೆಯಲ್ಲಿದ್ದಷ್ಟು ಕಟ್ಟು, ಹಳ್ಳದ ಚಿಂತೆ ನಿನಗ್ಯಾಕ ಅಂದ. ಕಾಂಕ್ರೀಟು ಹಾಕಿಸುವುದಿಲ್ಲ ಎಂದು ಕೊಟ್ರೇಶ ಎದುರು ನಿಂತ. ಮರುದಿನ ಊರಿನಿಂದ ಕಾಣೆಯಾದ.

ಎಂಟು ದಿನ ಸುದ್ದಿಯಿಲ್ಲ. ಹೆದರಿ ಓಡಿದ ಅಂತ ಊರೆಲ್ಲ ಆಡಿಕೊಂಡಿತು. 'ಇವನೂ ಅಷ್ಟೇನಾ...' ಎಂದು ಸುನಂದಾಳಿಗೂ ಅನ್ನಿಸಿತು. ಆದರೂ ದಿನಾ ಮುಂಜಾನೆ ಗುಂಡಿಗಿಳಿದು ಕೂತಳು. ಬೂದೆಪ್ಪ ಬೈದ, ಪೊಲೀಸರ ಹೆಸರು ಹೇಳಿದ. ಅವಳು ಅಲ್ಲೇ ಕೂತು ಬುತ್ತಿ ಬಿಚ್ಚಿ ರೊಟ್ಟಿ ತಿಂದಳು.

ಒಂಬತ್ತನೆಯ ದಿನ ಗುಂಡಿಯ ಅಂಚಿನಲ್ಲಿ ಎರಡು ಕಾಲು ಇಳಿಬಿದ್ದವು.

"ಇನ್ನೂ ಇಲ್ಲೇ ಕುಂತೀರಿ?"

"ಓಡಿ ಹೋದ್ರು ಅಂದ್ರು ನಿಮ್ಮನ್ನ."

"ರಾಯಚೂರಾಗ, ಸೇತುವಿ ನಕ್ಷೆ ಪಾಸ್ ಮಾಡೂ ಆಫೀಸಿನ ಬೆಂಚಿನ ಮ್ಯಾಲ ಕುಂತಿದ್ದೆ. ನೀವು ಇಲ್ಲಿ ಕುಂತಂಗ. ಅಲ್ಲಿನ ದೊಡ್ಡ ಸಾಹೇಬ್ರು ನೋಡಾಕ ಬರ್ತಾರ. ಹೇಳಿ ಹೋಗಬೇಕಿತ್ತು ನಿಮಗ. ಆಗ್ತದೋ ಇಲ್ಲೋ ಅಂತ ಹೇಳಲಿಲ್ಲ."

"ಹೇಳಿದ್ರ ಎರಡು ರೊಟ್ಟಿ ಕಟ್ಟಿ ಕೊಡ್ತಿದ್ದೆ," ಎಂದವಳು ಮುಖ ತಿರುಗಿಸಿ ಕಣ್ಣೊರಸಿಕೊಂಡಳು.

ಸಾಹೇಬರು ಬಂದರು, ಮರ ನೋಡಿದರು. ಮಾಘ ಮುಗಿಯುವಾಗ, ಒಂದು ಮಂಗಳವಾರ, ಎತ್ತರದ ಹೊಸ ನಕ್ಷೆ ಬಂತು. ಬೂದೆಪ್ಪ ಕಟ್ಟಲೇಬೇಕಾಯಿತು. ಆ ಸಿಟ್ಟಿಗೆ ಅಂದೇ ಸಂಜೆ ಕೊಟ್ರೇಶನನ್ನು ಕೆಲಸದಿಂದ ತೆಗೆದ.

ಮದುವೆಯಾದರೆ ಅವನನ್ನೇ ಎಂದು ಸುನಂದಾ ಆ ರಾತ್ರಿ ತಾಯಿಗೆ ಮನಸ್ಸು ಬಿಚ್ಚಿ ಹೇಳಿದಳು. ಗಂಡಿನ ಕಡೆಯವರು ಬಂದು ಹೆಣ್ಣು ಕೇಳಬೇಕು, ನಾವಾಗಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ ಎಂದು ಅನ್ನಮ್ಮ ಒಲೆಯ ಕಡೆ ತಿರುಗಿದಳು.

ಬುಧವಾರ ಮಧ್ಯಾಹ್ನ ಪೋತ್ನಾಳದ ಬಸ್ ಸ್ಟ್ಯಾಂಡಿನಲ್ಲಿ ಕೊಟ್ರೇಶ ಬ್ಯಾಗು ಹಿಡಿದು ನಿಂತಿದ್ದ. ಪೀರಾ ಸಾಬನ ಚಹಾದಂಗಡಿ ತುಂಬ ಜನ. ಸುನಂದಾ ಅವರೆಲ್ಲರ ನಡುವೆಯೇ ನಡೆದು ಬಂದು ಅವನೆದುರು ನಿಂತಳು.

"ಗಂಡು ಕೇಳಾಕ ಬಂದೀನಿ."

ಅಂಗಡಿಯಲ್ಲಿ ಕಪ್-ಬಸಿಗಳ ಸಪ್ಪಳ ನಿಂತಿತು.

"ನನಗೀಗ ಕೆಲಸಿಲ್ರಿ, ಸುನಂದಾ..."

"ಗದ್ದ್ಯಾಗ ಬೇಕಾದಷ್ಟದ."

"ನಾಟಿ ಹಚ್ಚಾಕ ಬರಂಗಿಲ್ಲ ನನಗ."

"ಕಲಸ್ತೀನಿ."

ಬಸ್ಸು ಬಂದು ನಿಂತಿತು. ಪೀರಾ ಸಾಬ್ ಒಳಗಿಂದಲೇ ಕೂಗಿದ, "ಸಾಹೇಬ್ರ, ಹತ್ತತೀರೋ, ಹೂಂ ಅಂತೀರೋ?"

ಕೊಟ್ರೇಶ ಬ್ಯಾಗು ಕೆಳಗಿಟ್ಟ.

"ಹೂಂ," ಅಂದ. ಆಮೇಲೆ ಅವಳಿಗೆ ಮಾತ್ರ ಕೇಳುವಂತೆ, "ಬೆಂಚಿನ ಮ್ಯಾಲ ಕುಂತಾಗಿಂದ ಇದನ್ನ ಹೆಂಗ ಕೇಳಲಿ ಅಂತಿದ್ದೆ."

"ಮತ್ಯಾಕ ಕೇಳಲಿಲ್ಲ?"

"ನೀವು ಬೈತೀರಂತ."

"ಬೈತೀನಿ. ದಿನಾ ಬೈತೀನಿ," ಎಂದಳು ಸುನಂದಾ, ನಗುತ್ತ, ಅಳುತ್ತ.

ಕೊಟ್ರೇಶ ಅವತ್ತು ಹೋಗಲಿಲ್ಲ. ಅವನು ಶಕ್ತಿನಗರಕ್ಕೆ ಹೊರಟದ್ದು ಮರುದಿನ ಗುರುವಾರ, ಮುಂಜಾನೆ ಎಂಟರ ಬಸ್ಸಿಗೆ. ಪಕ್ಕದ ಸೀಟಿನಲ್ಲಿ, ಹೋಳಿಗೆಯ ಗಂಟು ಮಡಿಲಲ್ಲಿಟ್ಟುಕೊಂಡು ಅನ್ನಮ್ಮ ಕೂತಿದ್ದಳು, ಅವನ ತಾಯಿಯ ಹತ್ತಿರ ಗಂಡು ಕೇಳಲಿಕ್ಕೆ.