ಗಂಧದ ಕಂಪ್ಯೂಟರಿನ ಮೊದಲ ಸಾಲು

ಬಹಳ ಹಿಂದೆ, ಮೋಡಗಳು ಅಂಗಳಕ್ಕಿಳಿದು ಮಲಗುತ್ತಿದ್ದ ಕಾಲದಲ್ಲಿ, ಏಳುಮುಗಿಲು ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಗೋಪುರದಲ್ಲಿ ಶ್ರೀಗಂಧದ ಕಂಪ್ಯೂಟರ್ ಇತ್ತು. ಅದು ದಿನವೂ ಎಚ್ಚರವಾಗುತ್ತಲೇ ಪರದೆಯ ಮೇಲೆ ಒಂದು ಸಾಲು ಮೂಡುತ್ತಿತ್ತು: 'ಬೆಳಗಾಯಿತು, ಏಳಿ.' ಊರಿಗೆಲ್ಲ ಕಾಣುವ ಆ ಸಾಲು ಹೇಳಿದಂತೆಯೇ ರಾಜ್ಯ ನಡೆಯುತ್ತಿತ್ತು.

ಒಮ್ಮೆ ಮಬ್ಬಯ್ಯನೆಂಬ ಮಾಂತ್ರಿಕನಿಗೆ ಜೋಯಿಸರು, "ನಾಳೆಯೇ ನಿನ್ನ ಕೊನೆ" ಎಂದರು. ಅವನು ಗೋಪುರ ಹತ್ತಿ, ಸಾಲನ್ನು ಅಳಿಸಿ, 'ಇಂದೂ ನಿನ್ನೆಯೇ' ಎಂದು ಬರೆದ. ಗಾಜಿನ ಹಲ್ಲಿಯೊಂದನ್ನು ಕಾವಲಿಟ್ಟ. ನಾಳೆ ಬರುವುದು ನಿಂತಿತು. ಅದೇ ಮಂಜು, ಅದೇ ಅರಳದ ಮೊಗ್ಗು. ನೇಕಾರರ ಮನೆಯ ತುಂಬು ಬಸುರಿ ಪೊನ್ನವ್ವನಿಗೆ ಹೆರಿಗೆಯಾಗಲಿಲ್ಲ. ನಾದಿನಿ ಸಿಂಗಾರಿ ದಿನಕ್ಕೊಂದರಂತೆ ನೂಲಿಗೆ ಹಾಕಿದ ಗಂಟುಗಳು ಸಾವಿರ ದಾಟಿದವು.

"ಅತ್ತಿಗೆ, ಇವತ್ತೂ ನೋವಿಲ್ಲವೇ?"

"ನಿನ್ನ ಸೊಸೆ ನಿನ್ನ ಹಾಗೇ ಸೋಮಾರಿ ಕಣೇ," ಎಂದು ಪೊನ್ನವ್ವ ಹೊಟ್ಟೆ ಸವರಿ ನಕ್ಕಳು. ಆಮೇಲೆ ಮೆಲ್ಲಗೆ, "ಹೊತ್ತೂ ಹೊತ್ತೂ ಸಾಕಾಯಿತು, ಸಿಂಗಾರಿ" ಎಂದಳು.

ಮಬ್ಬಯ್ಯನ ಸಾಲನ್ನು ಅಳಿಸಲೆಂದು ಸಿಂಗಾರಿ ಗೋಪುರ ಹತ್ತಿದಳು. ಹಲ್ಲಿ ಹೇಳಿತು: "ಈವರೆಗೆ ಯಾರ ಕಿವಿಗೂ ಬೀಳದ ಮಾತು ಬರೆ, ಸಾಲು ಬದಲಾಗುತ್ತದೆ. ಮೂರು ಸಲ ತಪ್ಪಿದರೆ ನೀನೂ ಗಾಜು."

ಸಿಂಗಾರಿ ಬರೆದಳು: 'ಎಲ್ಲರೂ ಚೆನ್ನಾಗಿರಲಿ.'

"ಲೊಚ್! ಇದನ್ನು ಮದುವೆಮನೆಗಳಲ್ಲಿ ಕೇಳಿ ಕೇಳಿ ಸವೆದಿದ್ದೇನೆ." ಅವಳ ಪಾದ ಗಾಜಾಯಿತು.

ಸಿಂಗಾರಿ ಬರೆದಳು: 'ಸೂರ್ಯನೇ, ಬೇಗ ಬಾ.'

"ಲೊಚ್ ಲೊಚ್! ಹುಂಜ ಕೂಗುವುದೂ ಇದನ್ನೇ." ಸೊಂಟದವರೆಗೆ ಗಾಜಾಯಿತು.

ಇನ್ನು ಒಂದೇ ಮಾತು ಉಳಿದಿತ್ತು. ಏಳುಮುಗಿಲಿನಲ್ಲಿ ಮಗುವಿನ ಹೆಸರನ್ನು ಸೋದರತ್ತೆಯೇ ಹುಡುಕುವುದು. ತೊಟ್ಟಿಲಲ್ಲಿ ಮಗುವಿನ ಕಿವಿಗೆ ಉಸುರುವ ಮೊದಲು ಅವಳು ಬಾಯಿಬಿಟ್ಟರೆ ಮಗುವಿಗೆ ಕೇಡು. ಅತ್ತಿಗೆ ಎಷ್ಟು ಕಾಡಿದರೂ ಸಿಂಗಾರಿ ಹೇಳದ ಹೆಸರದು.

'ಬಾಯಿ ಬಿಡಬಾರದು ಅಂದಿದ್ದಾರೆ. ಬೆರಳಿಗೆ ಯಾರೂ ಏನೂ ಅಂದಿಲ್ಲವಲ್ಲ!' ಎಂದುಕೊಂಡಳು ಸಿಂಗಾರಿ.

ಅವಳು ತುಟಿ ಬಿಗಿಹಿಡಿದು ಒಂದೊಂದೇ ಕೀಲಿ ಒತ್ತಿ ಆ ಹೆಸರನ್ನೇ ಬರೆದಳು: 'ಮುಂಬೆಳಗೇ, ಬಾ.'

ಎಲ್ಲಾದರೂ ಕೇಳಿದ್ದೇನೆಯೇ ಎಂದು ಹಲ್ಲಿ ನೆನಪು ಕೆದಕಿತು. ಎಲ್ಲೂ ಕೇಳಿರಲಿಲ್ಲ. ಲೊಚಗುಟ್ಟಲಾಗದೆ ಇಬ್ಬನಿಯಾಗಿ ಕರಗಿತು. ಸಿಂಗಾರಿಯ ಕಾಲಿಗೆ ಬಿಸುಪು ಬಂತು. ಕಿಟಕಿಯಲ್ಲಿ ನಾಳೆ ಮೂಡಿತು. ಮಬ್ಬಯ್ಯ ಬಿಸಿಲಿಗೆ ಮಂಜಿನಂತೆ ಚದುರಿಹೋದ. ನೇಕಾರರ ಮನೆಯಿಂದ ಕೂಸಿನ ಅಳು ಕೇಳಿಸಿತು.

ಹನ್ನೆರಡನೆಯ ದಿನ ತೊಟ್ಟಿಲು ಶಾಸ್ತ್ರ. ಹನ್ನೆರಡು ಬೆಳಗೂ ಊರೆಲ್ಲ ಆ ಸಾಲನ್ನು ಓದಿತ್ತು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಸಿಂಗಾರಿ ಬಗ್ಗಿ ಸೊಸೆಯ ಕಿವಿಗೆ ಹೆಸರು ಉಸುರಿದಳು. ಆಗ ರಾಜ್ಯಕ್ಕೆ ರಾಜ್ಯವೇ ಕೂಗಿತು: "ಮುಂಬೆಳಗೇ, ಬಾ!"

ಮಗು ಕಣ್ಣುಬಿಟ್ಟಿತು. ಅಂದಿನಿಂದ ಏಳುಮುಗಿಲಿನವರು ದಿನಕ್ಕೊಂದು ಹೊಸ ಬೆಳಗು ಕಂಡು ಸುಖವಾಗಿ ಬಾಳಿದರು.