ರೀ ಎನ್ನದ ಇಪ್ಪತ್ತಾರು ದಿನ

ಸೋಮವಾರ ಸಂಜೆ ಅವನು ಸಲಕರಣೆ ಚೀಲವನ್ನು ಹೆಗಲಿಂದ ಇಳಿಸುವ ಮೊದಲೇ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳು ಕೇಳಿದಳು.

“ನೀನು. ಗುರುವಾರ. ಫೋನ್. ಏನು ಹೇಳಿದೆ ನೀನು?”

ಕೇಳಿದ್ದು ಡ್ಯಾನಿಶ್‌ನಲ್ಲಿ, ಅವರು ಬಂದು ನೆಲೆಸಿದ ದೇಶದ ಭಾಷೆಯಲ್ಲಿ.

ಅವನು ನಕ್ಕ. “ಇವತ್ತಿನ ಪಾಠನಾ? ಚೆನ್ನಾಗಿ ಬರ್ತಿದೆ ಕಣೆ.”

ಅವಳು ನಗಲಿಲ್ಲ. ಅದನ್ನೇ ಮತ್ತೆ ಕೇಳಿದಳು, ಒಂದೊಂದೇ ಮಾತಾಗಿ, ಮೊಳೆ ಹೊಡೆದ ಹಾಗೆ. ಆಗ ಅವನು ನಗು ನಿಲ್ಲಿಸಿ ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

ಮದುವೆಯಾಗಿ ನಾಲ್ಕು ವರ್ಷ. ಅವಳ ಬಾಯಲ್ಲಿ ಅವನು ಯಾವತ್ತೂ ‘ರೀ’. ಸಿಟ್ಟಿಗೊಂದು ರೀ, ಸಲಿಗೆಗೊಂದು ರೀ, ಹಾಲು ಉಕ್ಕಿದರೆ ಒಂದು ರೀ. ಈ ಹೊಸ ಭಾಷೆಯಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಒಂದೇ ‘ಡು’, ನೀನು. ಪಾಠ ಒಪ್ಪಿಸುವಾಗ ಅವಳು ನೂರು ಸಲ ಹಾಗೆ ಅಂದಿದ್ದಳು. ಇವತ್ತಿನದು ಪಾಠದ ಡು ಆಗಿರಲಿಲ್ಲ.

ವಿಷಯ ಇಷ್ಟೇ. ಅವನು ಲಿಫ್ಟ್ ರಿಪೇರಿಯವನು. ಅವಳು ಹೊಲಿಗೆಯವಳು. ಸೋದರತ್ತೆಯ ಮಷೀನಿನ ಪಕ್ಕದಲ್ಲೇ ಬೆಳೆದವಳು, ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ಎಷ್ಟು ಕುಗ್ಗುತ್ತದೆ ಎಂದು ಹೇಳಬಲ್ಲವಳು. ಈ ಊರಿಗೆ ಬಂದ ಮೇಲೆ ಎರಡು ವರ್ಷ ಆ ಬೆರಳುಗಳಿಗೆ ಕೆಲಸವಿಲ್ಲ. ಐದು ತಿಂಗಳಿಂದ ವಾರಕ್ಕೆರಡು ದಿನ ಭಾಷೆಯ ಕ್ಲಾಸಿಗೆ ಹೋಗುತ್ತಿದ್ದಳು. ವಾರದ ಹೆಸರು, ಬಣ್ಣ, ಅಂಕಿ, ಬಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲಿ ನೋಯುತ್ತದೆ... ಅಷ್ಟು ಬರುತ್ತಿತ್ತು.

ಪರದೆ ಹೊಲಿಯುವ ಕಾರ್ಖಾನೆಯೊಂದಕ್ಕೆ ಅರ್ಜಿ ಹಾಕಿದ್ದಳು. ತುಂಬಿದವನು ಅವನು, ಬರೆದ ಫೋನ್ ನಂಬರೂ ಅವನದೇ. ಹೋದ ವಾರದ ಹಿಂದಿನ ಗುರುವಾರ ಕಾರ್ಖಾನೆಯ ಯಜಮಾನಿ ಫೋನ್ ಮಾಡಿದ್ದಳು. ಅವನೇ ಎತ್ತಿ, ನನ್ನ ಹೆಂಡತಿಗೆ ಭಾಷೆ ಸಾಲದು, ಆರು ತಿಂಗಳು ಬಿಟ್ಟು ನೋಡೋಣ ಎಂದುಬಿಟ್ಟಿದ್ದ. ಮನೆಗೆ ಬಂದು ತುಟಿ ಪಿಟಕ್ಕೆನ್ನಲಿಲ್ಲ.

ಹನ್ನೊಂದು ದಿನ ಕಾದು ಅವಳು ಇವತ್ತು ಕಾರ್ಖಾನೆಗೇ ಹೋಗಿದ್ದಳು. ಯಜಮಾನಿ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಗಂಡ. ಫೋನ್. ಬೇಡ. ಅಷ್ಟು ಅರ್ಥವಾಗುವಷ್ಟು ಭಾಷೆ ಅವಳಿಗೆ ಬಂದಿತ್ತು!

ಆ ಜಾಗ ಬೇರೆಯವಳಿಗೆ ಹೋಗಿತ್ತು. ತಿಂಗಳ ಕೊನೆಗೆ ಇನ್ನೊಂದು ಜಾಗವಿದೆ, ಕಿಟಕಿಯ ಅಳತೆಗಳು ಫೋನಿನಲ್ಲೇ ಬರುತ್ತವೆ, ಬರೆದುಕೊಳ್ಳಲು ಬರಬೇಕು, ಕೊನೆಯ ಶನಿವಾರ ಬೆಳಿಗ್ಗೆ ಫೋನ್ ಮಾಡಿ ಪರೀಕ್ಷಿಸಿ ನೋಡುತ್ತೇನೆ ಎಂದಳು ಯಜಮಾನಿ. ಯಾವ ನಂಬರು?

ಇವಳ ಚೀಲದಲ್ಲಿ ಇವಳದೇ ಫೋನಿತ್ತು. ಆದರೂ ಅಂದಳು, “ಅದೇ ನಂಬರ್.”

ಬೀಗ ಹಾಕಿದವನೇ ತೆಗೆಯಲಿ, ಇಲ್ಲ ಇನ್ನೊಮ್ಮೆ ಹಾಕಲಿ, ನೋಡೇಬಿಡುತ್ತೇನೆ ಎಂಬುದು ಅವಳ ಮನಸ್ಸಿನಲ್ಲಿದ್ದದ್ದು. ಅದನ್ನು ಅವನಿಗೆ ಹೇಳಲಿಲ್ಲ. ಹೇಳಿದ್ದು ಬೇರೆ, ಕೊನೆಯ ಸಲ ಕನ್ನಡದಲ್ಲಿ.

“ನಂಗೆ ಭಾಷೆ ಬರಲ್ಲ ಅಂದ್ರಲ್ಲ. ಇನ್ಮೇಲೆ ಈ ಮನೇಲಿ ಬರದೇ ಇರೋ ಭಾಷೇಲೇ ಮಾತು. ಕನ್ನಡ ಇವತ್ತಿಗೆ ಮುಗೀತು.”

ಎರಡು ದಿನದ ಮುನಿಸು ಎಂದುಕೊಂಡ ಅವನು. ಅವನಿಗೇನು ಗೊತ್ತು!

ಡ್ಯಾನಿಶ್ ಭಾಷೆಯ ಮಾತು ಅರ್ಧ ಬಾಯಲ್ಲಿ, ಅರ್ಧ ಗಂಟಲಲ್ಲಿ. ನುಂಗಿ ನುಂಗಿ ಆಡಬೇಕು. ನುಂಗುವುದು ಅವಳಿಗೆ ಹೊಸದಲ್ಲ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ವಾಕ್ಯ ಮುಗಿಸುತ್ತಿದ್ದ. ಉಳಿದರ್ಧ ನುಂಗಿಕೊಂಡೇ ಎರಡು ವರ್ಷ ಕಳೆದಿದ್ದಳು. ಈಗ ಎಲ್ಲಾ ಹೊರಗೆ ಬರತೊಡಗಿತು, ಇದ್ದಷ್ಟೇ ಪದಗಳಲ್ಲಿ.

“ಟವೆಲ್ ಒದ್ದೆ. ಹಾಸಿಗೆ ಬಚ್ಚಲಲ್ಲ.”

“ಆಯ್ತು ಮಾರಾಯ್ತಿ, ತಪ್ಪಾಯ್ತು.”

“ನನಗೆ ಅರ್ಥವಾಗುವುದಿಲ್ಲ.”

ಅದು ಕ್ಲಾಸಿನ ಮೊದಲ ಪಾಠದ ವಾಕ್ಯ. ಅವನು ಕನ್ನಡದಲ್ಲಿ ಏನೇ ಅನ್ನಲಿ, ಅದೇ ಉತ್ತರ. ಬೇಡಿಕೊಂಡ, ರೇಗಿದ, ಒಮ್ಮೆ ತಟ್ಟೆ ಕುಕ್ಕಿದ. ಅವಳು ಶಬ್ದಕೋಶ ತೆರೆದು ‘ತಟ್ಟೆ’ ಹುಡುಕಿ, “ತಟ್ಟೆ ತಪ್ಪು ಮಾಡಿಲ್ಲ” ಎಂದಳು. ದಿನಕ್ಕೆ ನಾಲ್ಕೈದು ಹೊಸ ಪದ ಹೀಗೆ ಜಗಳಕ್ಕೆಂದೇ ಕಲಿತಳು. ನಿನ್ನ ನಾಲಿಗೆ ಹೇಗೆ ಇಷ್ಟು ಬೇಗ ಸಡಿಲವಾಯಿತು ಎಂದು ಕ್ಲಾಸಿನ ಟೀಚರು ಕೇಳಿದರೆ, ಮನೆಯಲ್ಲಿ ಗಂಡ ಇದ್ದಾನೆ ಎಂದಳು.

ಭಾನುವಾರ ಅಮ್ಮನ ಫೋನು ಬಂದಾಗ ಮಾತ್ರ ಕನ್ನಡ, ಅದೂ ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅವನು ಪಕ್ಕದ ಕೋಣೆಯಲ್ಲಿ, ಹಸಿದವನು ಬೇರೆಯವರ ಮನೆಯ ಅಡುಗೆಯ ವಾಸನೆ ಹೀರಿದ ಹಾಗೆ, ಸುಮ್ಮನೆ ಕೂತು ಕೇಳುತ್ತಿದ್ದ.

“ಅಳಿಯಂದ್ರು ಹೇಗಿದಾರೆ?”

“ಇದಾರಮ್ಮ. ಭಾಷೆ ಕಲೀತಿದಾರೆ.”

ನಿಜಕ್ಕೂ ಅವನೂ ಕಲಿಯಬೇಕಾಯಿತು. ಹಗ್ಗ, ಬಾಗಿಲು, ಗುಂಡಿ, ಜೋಪಾನ, ಸ್ವಲ್ಪ ತಡೆಯಿರಿ... ಅವನ ಡ್ಯಾನಿಶ್ ಲಿಫ್ಟಿನೊಳಗೆ ಮೇಲೆ ಕೆಳಗೆ ಓಡಾಡುತ್ತಿತ್ತು, ಅಂಗಡಿ, ಆಸ್ಪತ್ರೆ, ಅರ್ಜಿಗೆ ಸಾಲುವಷ್ಟು ಬಿಟ್ಟರೆ ಅದರಾಚೆ ಬರುತ್ತಿರಲಿಲ್ಲ. ಹೆಂಡತಿಯ ಮುಂದೆ ಮನಸ್ಸು ಬಿಚ್ಚಲು ಅವನಿಗೂ ಪದಗಳಿಲ್ಲ ಎಂಬುದು ಅವಳಿಗೆ ಆಗಲೇ ತಿಳಿದದ್ದು.

ಹತ್ತೊಂಬತ್ತನೆಯ ದಿನ ಅವಳು ಇಸ್ತ್ರಿ ಮಾಡುತ್ತಿದ್ದಾಗ ಅವನು ಎದುರಿಗೆ ಬಂದು ನಿಂತ. ಕನ್ನಡದಲ್ಲಿ ಶುರು ಮಾಡಲಿಲ್ಲ.

“ನಾನು ಹೊಸಬ. ಕೆಲಸದಲ್ಲಿ, ಊಟದ ಕೋಣೆ. ನಾನು ಮಾತಾಡಿದೆ. ಅವರು ನಕ್ಕರು.” ಪದಕ್ಕಾಗಿ ತಡಕಾಡಿದ. “ಒಂದು ವರ್ಷ ನಕ್ಕರು. ನಾನು ಒಬ್ಬನೇ ಊಟ ಮಾಡಿದೆ. ಲಿಫ್ಟಿನ ಮೇಲೆ.”

ಇಸ್ತ್ರಿಪೆಟ್ಟಿಗೆ ನಿಂತಿತು.

“ಅಲ್ಲಿ ನಿನ್ನನ್ನು ನೋಡಿ ನಗುತ್ತಾರೆ. ನನಗೆ ಭಯ. ನಿನಗೆ ಭಯ ಇಲ್ಲ. ನನಗೆ.”

ಕನ್ನಡದಲ್ಲಾಗಿದ್ದರೆ ಇದನ್ನೇ ಗಂಟೆಗಟ್ಟಲೆ ಸುತ್ತಿ ಬಳಸಿ, ಕೊನೆಗೆ ಎಲ್ಲಾ ನಿನ್ನ ಒಳ್ಳೆಯದಕ್ಕೇ ಎಂದು ಮುಗಿಸುತ್ತಿದ್ದ, ಅವಳೂ ನಂಬುತ್ತಿರಲಿಲ್ಲ. ಇಲ್ಲಿ ಸುತ್ತಲು ಪದಗಳೇ ಇರಲಿಲ್ಲ. ಲಿಫ್ಟಿನ ಮೇಲೆ ಕತ್ತಲಲ್ಲಿ ಬುತ್ತಿ ಬಿಚ್ಚಿದ ಗಂಡಸು ಅವಳ ಕಣ್ಣ ಮುಂದೆ ಬಂದ. ಒಂದು ‘ರೀ’ ನಾಲಿಗೆಯ ತುದಿಗೇ ಬಂತು...

ಇಲ್ಲ. ಭಯವಿದ್ದವನು ನನಗೆ ಹೇಳಬಹುದಿತ್ತು. ಹನ್ನೊಂದು ದಿನ ನಾನು ಕಾಯುವುದನ್ನು ನೋಡುತ್ತಾ ಕೂತನಲ್ಲ!

“ಭಯ ನಿನ್ನದು,” ಎಂದಳು. “ಬಾಯಿ ನನ್ನದು.”

ಕೊನೆಯ ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಅವನ ಫೋನು ರಿಂಗಾಯಿತು. ಅವಳು ಬೆನ್ನು ತಿರುಗಿಸಿ ಲೋಟ ತೊಳೆಯುತ್ತಲೇ ಇದ್ದಳು. ಕಿವಿ ಮಾತ್ರ ಅಲ್ಲೇ. ಇವತ್ತೂ ಇವನು ಬೇಡ ಅಂದರೆ ಕೆಲಸವೊಂದೇ ಅಲ್ಲ, ಇನ್ನೂ ಏನೋ ಕೈತಪ್ಪುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅವನು ಎತ್ತಿದ. ಆ ಕಡೆಯ ಮಾತು ಕೇಳಿದ.

“ಅವಳು ಇಲ್ಲಿದ್ದಾಳೆ,” ಎಂದು ಡ್ಯಾನಿಶ್‌ನಲ್ಲಿ ಹೇಳಿದ. “ಅವಳನ್ನೇ ಕೇಳಿ.”

ಒದ್ದೆ ಕೈಯಲ್ಲೇ ಅವಳು ಫೋನು ತೆಗೆದುಕೊಂಡಳು. ಅವನು ಪೆನ್ಸಿಲು, ಕಾಗದ ಮುಂದೆ ಸರಿಸಿದ. ಯಜಮಾನಿ ಅಳತೆ ಹೇಳುತ್ತಾ ಹೋದಳು. ಅಗಲ, ಎತ್ತರ. ಆ ಭಾಷೆಯಲ್ಲಿ ಎಪ್ಪತ್ತೈದು ಎನ್ನಲು ಐದು ಮೊದಲು, ಎಪ್ಪತ್ತು ಆಮೇಲೆ. ಮೂರು ಕಿಟಕಿ ಸರಿಯಾಗಿ ಬರೆದಳು. ನಾಲ್ಕನೆಯದು ಸರ್‍ರನೆ ಜಾರಿಹೋಯಿತು.

ಪೆನ್ಸಿಲು ಗಾಳಿಯಲ್ಲೇ ನಿಂತಿತು. ಅಭ್ಯಾಸಬಲ, ಅವನ ಕಡೆ ನೋಡಿದಳು.

ಫೋನಿನ ದನಿ ಅವನಿಗೂ ಕೇಳಿಸಿತ್ತು. ಉತ್ತರ ಅವನಿಗೆ ಗೊತ್ತಿತ್ತು. ತುಟಿ ಅಲುಗಿತು. ಮರುಕ್ಷಣ ಅವನು ಎಡಗೈಯಿಂದ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟ.

ಆ ಬೆನ್ನು ನೋಡುತ್ತಲೇ ಅವಳು ಉಸಿರೆಳೆದುಕೊಂಡಳು.

“ಇನ್ನೊಮ್ಮೆ,” ಎಂದಳು ಯಜಮಾನಿಗೆ. “ನಿಧಾನವಾಗಿ.”

ಆ ಕಡೆಯಿಂದ ಯಾರೂ ನಗಲಿಲ್ಲ. ಅಳತೆ ಇನ್ನೊಮ್ಮೆ ಬಂತು, ನಿಧಾನವಾಗಿ. ಬರೆದಳು, ಓದಿ ಹೇಳಿದಳು. ಸರಿಯಿತ್ತು.

ಫೋನು ಕೆಳಗಿಟ್ಟು, “ಸೋಮವಾರ. ಎಂಟು ಗಂಟೆ,” ಎಂದಳು, ಇನ್ನೂ ಡ್ಯಾನಿಶ್‌ನಲ್ಲೇ. ಅವನು ತಿರುಗಿ ತಲೆಯಾಡಿಸಿದ. ಕಣ್ಣು ತುಂಬಿತ್ತು. ಕೈ ಬಾಯಿಯ ಮೇಲೇ ಇತ್ತು.

ಅವಳು ಹತ್ತಿರ ಬಂದಳು.

“ರೀ... ಕೈ ತೆಗೀರಿ.”

ಅವನು ತೆಗೆದ.

“ಕೋಪ ಹೋಗಿಲ್ಲ, ಗೊತ್ತಿರ್ಲಿ. ಆ ಹನ್ನೊಂದು ದಿನದ ಲೆಕ್ಕ ಇನ್ನೂ ಬಾಕಿ ಇದೆ.”

ಅವನು ತಲೆಯಾಡಿಸಿದ. ಆಮೇಲೆ, ಹೊಸದಾಗಿ ಕ್ಲಾಸಿಗೆ ಸೇರಿದವನ ಹಾಗೆ, ತಡವರಿಸುತ್ತಾ ಡ್ಯಾನಿಶ್‌ನಲ್ಲಿ ಕೇಳಿದ.

“ಮೊದಲನೇ ಪದ... ಇನ್ನೊಮ್ಮೆ. ನಿಧಾನವಾಗಿ.”

ಅವಳು ತುಟಿ ಕಚ್ಚಿ ನಗು ತಡೆದಳು. ತಡೆಯಲಾಗಲಿಲ್ಲ.

“ರೀ...”