ಮೊದಲು ನನಗೆ, ಆಮೇಲೆ ನಿಮಗೆ

ಮಗಳ ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಅವಳು ಎಳೆ ಬಿಡಿಸುತ್ತಿದ್ದಾಗ ಫೋನು ಬಡಿದುಕೊಂಡಿತು.

ಮ್ಯಾನೇಜರ್. ಗ್ರಂಥಾಲಯವೊಂದರ ಅಷ್ಟೂ ದಾಖಲೆಗಳನ್ನು ಹಳೆಯ ಸರ್ವರಿನಿಂದ ಹೊಸ ವರ್ಚುವಲ್ ಮಷೀನಿಗೆ, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರಿಗೆ, ನಕಲು ಮಾಡಲು ಅವಳು ರಾತ್ರಿ ಹಚ್ಚಿಟ್ಟು ಮಲಗಿದ್ದಳು. ಇನ್ನೇನು ಮುಗಿಯಿತು ಅನ್ನುವಾಗ ಮಷೀನು ರೀಸ್ಟಾರ್ಟ್ ಆಗಿ ಎಲ್ಲ ನೀರಿನಲ್ಲಿ ಹೋಮ. "ಬೆಳಗಿನ ಹೊತ್ತು ನಿಮಗೆ ಕಷ್ಟ ಅಂತ ಹೇಳಿದ್ರೆ ಬೇರೆಯವರಿಗೆ ಕೊಡ್ತಿದ್ದೆ," ಎಂದು ಅವರು ತಣ್ಣಗೆ ಹೇಳಿ ಫೋನಿಟ್ಟರು.

ಆ ತಣ್ಣನೆಯ ಮಾತಿಗೆ ಅವಳ ಮೈಯೆಲ್ಲ ಉರಿಯಿತು. ಕಷ್ಟ ಎಂದು ಅವಳು ಯಾರ ಮುಂದೆಯೂ ಹೇಳಿದವಳಲ್ಲ. ಈ ಕೆಲಸ ಕೈಬಿಟ್ಟರೆ ಇನ್ನೊಂದು ಸಿಗುವಂತಿರಲಿಲ್ಲ.

ಲ್ಯಾಪ್‌ಟಾಪ್ ತೆರೆದಳು. 'ಹೀಗಾದರೆ ಹಾಗೆ ಮಾಡು' ಎಂದು ಮಷೀನುಗಳಿಗೆ ಮೊದಲೇ ಹೇಳಿಡುವ ಟ್ರಿಗರ್‌ಗಳ ಸಾಲಿನಲ್ಲಿ ಹೊಸದೊಂದು ಕೂತಿತ್ತು. 'ಬೆಳಗಿನ ಹೊತ್ತು ಮೆಮೊರಿ ತುಂಬಿದರೆ ಅವಳಿಗೆ ಅಲಾರಂ ಕಳಿಸಬೇಡ. ಮಷೀನನ್ನು ರೀಸ್ಟಾರ್ಟ್ ಮಾಡಿ ನನಗೆ ಹೇಳು.' ಬರೆದವನು ಆಫೀಸಿನಲ್ಲಿ ಅವಳ ಎದುರು ಮೇಜಿನವನು.

ಪರದೆಯ ಮೇಲಿಂದ ಅವಳನ್ನು ಕದ್ದು ನೋಡಿ, ಸಿಕ್ಕಿಬಿದ್ದಾಗ ಕನ್ನಡಕ ಒರೆಸುವವನು. ಆ ಕನ್ನಡಕದಲ್ಲಿ ಧೂಳೇ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನಗು ನುಂಗಿಕೊಂಡು ಕೀಬೋರ್ಡಿಗೆ ತಲೆ ಬಗ್ಗಿಸುತ್ತಿದ್ದಳು.

ಇವತ್ತು ನಗು ಬರಲಿಲ್ಲ. ಅವನಿಗೆ ಫೋನ್ ಮಾಡಿ, ಈಗಲೇ ಬನ್ನಿ ಎಂದಳು. ಪಕ್ಕದ ಬೀದಿಯವನು, ಶರ್ಟಿನ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡು ಹೆಲ್ಮೆಟ್ ಹಿಡಿದು ಬಂದ. ಬರುವ ಮೊದಲೇ ಮ್ಯಾನೇಜರಿಗೆ ಫೋನ್ ಮಾಡಿ ತಪ್ಪು ತನ್ನದೆಂದು ಒಪ್ಪಿಕೊಂಡಿದ್ದನಂತೆ. ಅದರಿಂದ ಅವಳ ಸಿಟ್ಟು ಎಳ್ಳಷ್ಟೂ ಇಳಿಯಲಿಲ್ಲ.

"ಅಷ್ಟು ದೊಡ್ಡ ನಕಲು ಅಂದ್ರೆ ಮೆಮೊರಿ ತುಂಬೇ ತುಂಬುತ್ತೆ. ಅಲಾರಂ ಬಂದಿದ್ರೆ ನೋಡಿ ಸುಮ್ಮನಿರ್ತಿದ್ದೆ. ನಿಮ್ಮ ಟ್ರಿಗರ್‌ಗೆ ಅದು ಗೊತ್ತಾಗುತ್ತಾ?"

"ಅಲಾರಂ ಕಾಟಕ್ಕೆ ಮಗಳು ಒಂದೇ ಜಡೆಯಲ್ಲಿ ಸ್ಕೂಲಿಗೆ ಹೋದ್ಲು ಅಂತ ನೀವೇ ಹೇಳಿದ್ರಿ."

"ಅದು ತಮಾಷೆಗೆ ಹೇಳಿದ್ದು. ಅರ್ಜಿ ಹಾಕಿದ್ದಲ್ಲ."

ದನಿ ಏರಿದ್ದೇ ಮಗಳು ಬಾಚಣಿಗೆ ಸಮೇತ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಹೋಗಿ ಕೂತಳು. ಅಪ್ಪ ಮನೆ ಬಿಟ್ಟು ಹೋದದ್ದೂ ಇಂಥದೇ ಒಂದು ಜಗಳದ ಬೆಳಿಗ್ಗೆ. ಹುಡುಗಿ ಅಮ್ಮನ ಮುಖ ನೋಡಲಿಲ್ಲ. ಬಂದವನ ಪಾದಗಳನ್ನೇ ನೋಡುತ್ತಿದ್ದಳು.

"'ನಿನ್ನ ಒಳ್ಳೇದಕ್ಕೇ' ಅಂತ, ನನ್ನ ಕೇಳದೆ ಎಲ್ಲಾ ತೀರ್ಮಾನ ಮಾಡೋರ ಜೊತೆ ಒಂದ್ಸಲ ಸಂಸಾರ ಮಾಡಿ ಆಗಿದೆ," ಎಂದಳು ಅವಳು. "ಅದೇ ಇನ್ನೊಂದ್ಸಲ ಬೇಡ."

ಅವನು ತಲೆ ತಗ್ಗಿಸಿದ. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ: "ನೀವಂದ್ರೆ ಇಷ್ಟ. ಹೇಳೋಕೆ ಧೈರ್ಯ ಸಾಲಲಿಲ್ಲ. ಅದಕ್ಕೆ ಟ್ರಿಗರ್ ಬರೆದೆ."

"ಇಷ್ಟ ಹೇಳೋಕೆ ದೇವರು ಬಾಯಿ ಕೊಟ್ಟಿದಾನೆ. ಸರ್ವರ್ ಯಾಕೆ ಬೇಕಿತ್ತು?"

ಸಿಟ್ಟಿನಲ್ಲೇ ಅಂದಳು. ಆದರೆ ಕಿವಿ ಬಿಸಿಯಾದದ್ದು ಸಿಟ್ಟಿಗಲ್ಲ. ಅದಕ್ಕಾಗಿ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

ಲ್ಯಾಪ್‌ಟಾಪನ್ನು ಅವನ ಮುಂದೆ ತಳ್ಳಿದಳು. ಅಳಿಸಿ ಎಂದಳು. ಅಳಿಸಿದ. ಅದನ್ನು ಮತ್ತೆ ತನ್ನತ್ತ ಎಳೆದುಕೊಂಡು, ಕೀಲಿಗಳನ್ನು ಕುಟ್ಟುತ್ತ ಹೊಸದೊಂದು ಟ್ರಿಗರ್ ಬರೆದಳು. ತಾನಾಗಿ ರೀಸ್ಟಾರ್ಟ್ ಮಾಡುವುದು ಯಾವ ಕಾರಣಕ್ಕೂ ಇಲ್ಲ. ಅಲಾರಂ ಮೊದಲು ಅವಳಿಗೆ. ಅವಳು ಎತ್ತದಿದ್ದರೆ ಅವನಿಗೆ.

ಓದಿದ. ಇನ್ನೊಮ್ಮೆ ಓದಿದ. ಬೆರಳು ಕನ್ನಡಕದತ್ತ ಹೋಯಿತು.

"ಒರೆಸಬೇಡಿ. ಅದರಲ್ಲಿ ಧೂಳಿಲ್ಲ," ಎಂದಳು. "ಸಿಟ್ಟಿನ್ನೂ ಹೋಗಿಲ್ಲ, ತಿಳ್ಕೊಳ್ಳಿ. ಸಂಜೆವರೆಗೂ ಹೋಗಲ್ಲ."

ಆಗಲಿ ಎಂದು ಅವನು ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಿಸಿದ. ಹೊರಡಲೋ ನಿಲ್ಲಲೋ ತಿಳಿಯದೆ ಬಾಗಿಲ ಕಡೆ ಅರ್ಧ ತಿರುಗಿದ.

ಆ ಪಾದಗಳು ತಿರುಗಿದ್ದನ್ನು ಮಗಳು ಕಂಡಳು. ಎದ್ದು ಬಂದು ಅವನಿಗೂ ಬಾಗಿಲಿಗೂ ನಡುವೆ ನಿಂತಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು. ಅಪ್ಪ ಹೋದ ದಿನದಿಂದ ಗಂಟಲಲ್ಲೇ ಇಟ್ಟುಕೊಂಡಿದ್ದನ್ನು ಕೊನೆಗೂ ಬಾಯಿಬಿಟ್ಟು ಕೇಳಿದಳು.

"ಅಮ್ಮ ಸಿಟ್ಟು ಮಾಡ್ಕೊಂಡ್ರೂ ನೀವು ಮತ್ತೆ ಬರ್ತೀರಾ?"